ಜಿಮ್‌ಗೆ ಹೋಗುವವರಿಗೆ ಬುದ್ಧಿ ಕಡಿಮೆಯೇ? ‘ಶಾಂತಲಾ’ ಬರೆದ ವ್ಯಾಯಾಮದ ಮೇಷ್ಟ್ರು ಕೆ.ವಿ. ಅಯ್ಯರ್ ಕತೆ ಓದಿ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಆ ಮೆಸೇಜು ಬಂದಿರುತ್ತದೆ. ಭಾರ ಎತ್ತಿದರೆ ಮಕ್ಕಳ ಎತ್ತರ ನಿಂತುಹೋಗುತ್ತದೆ, ಜಿಮ್ ಬಿಟ್ಟ ಮರುತಿಂಗಳೇ ಸ್ನಾಯುವೆಲ್ಲ ಕೊಬ್ಬಾಗುತ್ತದೆ, ಮೈ ಬೆಳೆಸಿದವನಿಗೆ ಬುದ್ಧಿ ಬೆಳೆಯುವುದಿಲ್ಲ. ಕೊನೆಗೆ ಕೈಮುಗಿಯುವ ಎರಡು ಇಮೋಜಿ, ಹತ್ತು ಜನಕ್ಕೆ ಕಳಿಸಿ ಎಂಬ ಕೋರಿಕೆ.

ಕೋಟೇಶ್ವರದಂಥ ಊರಿನಲ್ಲಿ ಈ ಮೆಸೇಜಿಗೆ ಬಲ ಜಾಸ್ತಿ. ಇಲ್ಲಿ ಎಲ್ಲರಿಗೂ ಎಲ್ಲರ ಗುರುತು. ಹೆದ್ದಾರಿ ಬದಿಯ ಯಾವುದೋ ಕಟ್ಟಡದ ಮೆಟ್ಟಿಲು ಹತ್ತಿ ಜಿಮ್‌ಗೆ ಸೇರಿದ ಹುಡುಗನ ಸುದ್ದಿ ಅವನಿಗಿಂತ ಮುಂಚೆ ಮನೆ ಮುಟ್ಟುತ್ತದೆ. ತೆಳ್ಳಗಿದ್ದರೆ ಒಂದು ಹೆಸರು, ದಪ್ಪಗಿದ್ದರೆ ಇನ್ನೊಂದು ಹೆಸರು, ಮೂವತ್ತು ದಾಟಿದ ಹೆಂಗಸರಾದರೆ ಇದೆಲ್ಲ ಈಗ ಯಾಕೆ ಬೇಕಿತ್ತು ಎಂಬ ಪ್ರಶ್ನೆ. ಮೆಸೇಜು ನಂಬಿ ಜಿಮ್ ಬಿಟ್ಟವರಿಗಿಂತ, ಮೆಟ್ಟಿಲ ಬುಡದಿಂದಲೇ ವಾಪಸು ಹೋದವರು ಹೆಚ್ಚಿರಬಹುದು ಎಂಬುದು ನನ್ನ ಅನುಮಾನ.

ಹಾಗಾಗಿ ಇವತ್ತು ಆ ಫಾರ್ವರ್ಡ್‌ನ ಒಂದೊಂದೇ ಸಾಲು ಹಿಡಿದು ಸುಳ್ಳೋ ನಿಜವೋ ಎಂದು ಹೇಳುವ ಬದಲು, ಒಬ್ಬ ಮನುಷ್ಯನ ಜೀವನ ಹೇಳುತ್ತೇನೆ. ಉತ್ತರಗಳು ನಡುನಡುವೆ ಬರುತ್ತವೆ.

ಹೆಸರು ಕೋಲಾರ ವೆಂಕಟೇಶ ಅಯ್ಯರ್. ಓದುವವರಿಗೆ ಕೆ.ವಿ. ಅಯ್ಯರ್ ಎಂದರೆ ಹೊಯ್ಸಳ ರಾಣಿಯ ಕತೆಯ ‘ಶಾಂತಲಾ’, ಜೊತೆಗೆ ‘ರೂಪದರ್ಶಿ’. ಎಷ್ಟೋ ಮನೆಗಳ ಕಪಾಟಿನಲ್ಲಿ ಈ ಎರಡು ಕಾದಂಬರಿಗಳಿವೆ. ಆದರೆ ಅವುಗಳನ್ನು ಬರೆದವರು ಕಾಲೇಜಿನ ಕನ್ನಡ ಮೇಷ್ಟ್ರಲ್ಲ, ಪತ್ರಿಕೆಯ ಸಂಪಾದಕರೂ ಅಲ್ಲ. ಬೆಂಗಳೂರಿನಲ್ಲಿ ಡಂಬೆಲ್, ಬಾರ್ಬೆಲ್ ಇಟ್ಟುಕೊಂಡು ವ್ಯಾಯಾಮಶಾಲೆ ನಡೆಸುತ್ತಿದ್ದವರು. ಲಂಗೋಟಿ ಕಟ್ಟಿ, ಗ್ರೀಕ್ ಶಿಲ್ಪದ ಹಾಗೆ ನಿಂತು ತೆಗೆಸಿಕೊಂಡ ಅವರ ಫೋಟೋಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಬುದ್ಧಿಯ ಬಗ್ಗೆ ಇರುವ ಸಾಲಿಗೆ ಇಷ್ಟೇ ಉತ್ತರ ಸಾಕಿತ್ತು. ಆದರೆ ಕತೆ ಇನ್ನೂ ಇದೆ.

ಅಯ್ಯರ್ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಕೋಲಾರದ ಕಡೆ. ಅವರು ಚಿಕ್ಕವರಿದ್ದಾಗ ಜಗತ್ತಿನಲ್ಲೆಲ್ಲ ಒಬ್ಬನ ಹೆಸರು ಓಡಾಡುತ್ತಿತ್ತು: ಯೂಜೆನ್ ಸ್ಯಾಂಡೋ. ಜರ್ಮನಿಯಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿದ ಈ ಬಲಶಾಲಿ, ದೇಹವನ್ನು ವೇದಿಕೆಯ ಮೇಲೆ ಪ್ರದರ್ಶನಕ್ಕೆ ಇಟ್ಟವನು. 1904-05ರ ಸುಮಾರಿಗೆ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ನಮ್ಮ ಅಂಗಡಿಗಳಲ್ಲಿ ಇಂದಿಗೂ ಕೇಳಿ ತರುವ ಸ್ಯಾಂಡೋ ಬನಿಯನ್‌ನಲ್ಲಿ ಉಳಿದಿರುವುದು ಇವನ ಹೆಸರೇ.

ಆಗಿನ ಮೈಸೂರು ಸೀಮೆಯಲ್ಲಿ ವ್ಯಾಯಾಮಕ್ಕೆ ಜಾಗವೇ ಇರಲಿಲ್ಲ ಎಂದಲ್ಲ. ಗರಡಿಮನೆಗಳಿದ್ದವು: ಕೆಮ್ಮಣ್ಣಿನ ಅಖಾಡ, ಗದೆ, ದಂಡ, ಬೈಠಕ್, ಕುಸ್ತಿ. (ನಮ್ಮ ಕರಾವಳಿಯಲ್ಲಿ ಗರಡಿ ಅಂದರೆ ಕೋಟಿ–ಚೆನ್ನಯರ ಗುಡಿ ನೆನಪಾಗುತ್ತದೆ. ಘಟ್ಟದ ಮೇಲೆ ಆ ಪದಕ್ಕೆ ಮೊದಲ ಅರ್ಥ ಕುಸ್ತಿಯ ಮನೆ.) ಆದರೆ ಗರಡಿಗೆ ಅದರದೇ ಶಿಸ್ತು, ಅದರದೇ ಉಸ್ತಾದರು, ಅದರದೇ ಕೇರಿ. ಕಚೇರಿಗೆ ಹೋಗುವ ಗುಮಾಸ್ತ, ಕನ್ನಡಕದ ವಿದ್ಯಾರ್ಥಿ, ನಲವತ್ತಾದ ವಕೀಲ ಅಲ್ಲಿಗೆ ಹೋಗಿ ನಿಂತರೆ ಅವನಿಗೇ ಮುಜುಗರ. ಅಯ್ಯರ್ ಬಾಗಿಲು ತೆರೆದದ್ದು ಇಂಥವರಿಗೆ. 1920ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ಅವರ ವ್ಯಾಯಾಮಶಾಲೆಗೆ ಗ್ರೀಕ್ ವೀರ ಹರ್ಕ್ಯುಲಿಸ್‌ನ ಹೆಸರು. ಬರಲಾಗದವರಿಗೆ ಅಂಚೆಯಲ್ಲೇ ಪಾಠ. ಈಗ ಮೊಬೈಲ್ ಆ್ಯಪ್‌ನಲ್ಲಿ ಕೋಚ್ ಸಿಗುತ್ತಾನಲ್ಲ, ಅದರ ಅಜ್ಜ ಇದು.

ಕಲಿಸಿದ್ದೇನು? ಇಲ್ಲಿ ಇನ್ನೊಂದು ಫಾರ್ವರ್ಡ್ ಮುರಿದು ಬೀಳುತ್ತದೆ. ಯೋಗ ನಮ್ಮದು, ಜಿಮ್ ಅವರದು, ಎರಡೂ ಒಟ್ಟಿಗೆ ಹೋಗುವುದಿಲ್ಲ ಎಂದು ಓದಿರುತ್ತೀರಿ. ಅಯ್ಯರ್ ಶಾಲೆಯಲ್ಲಿ ಬಾರ್ಬೆಲ್ ಪಕ್ಕದಲ್ಲೇ ಆಸನಗಳಿದ್ದವು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದ ಇದೇ ಮನುಷ್ಯ 1937ರಲ್ಲಿ ಸೂರ್ಯನಮಸ್ಕಾರದ ಮೇಲೂ ಪುಸ್ತಕ ತಂದರು. ಅವರ ಒಡನಾಡಿ ಎಸ್. ಸುಂದರಂ ಯೋಗಾಸನಗಳನ್ನು ವ್ಯಾಯಾಮ ಪದ್ಧತಿಯಾಗಿ ವಿವರಿಸಿ ಪುಸ್ತಕ ಬರೆದವರು. ಸೂರ್ಯನ ಆರಾಧನೆ ನಮ್ಮಲ್ಲಿ ಬಹಳ ಹಳೆಯದು. ಆದರೆ ಎಣಿಸಿ ಮಾಡುವ ವ್ಯಾಯಾಮವಾಗಿ ಸೂರ್ಯನಮಸ್ಕಾರವನ್ನು ಊರೂರಿಗೆ ಹಬ್ಬಿಸಿದ ಕೀರ್ತಿ ಬಹುಪಾಲು ಔಂಧ್ ಸಂಸ್ಥಾನದ ರಾಜರದ್ದು, ಅದೂ 1920ರ ದಶಕದಿಂದ ಈಚೆಗೆ. ಆ ಹೊತ್ತಿನಲ್ಲಿ ಜಿಮ್ ಮತ್ತು ಯೋಗದ ನಡುವೆ ಗೋಡೆ ಇರಲಿಲ್ಲ. ಗೋಡೆ ಕಟ್ಟಿದವರು ನಾವು.

ಅಯ್ಯರ್ ಹೇಳಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಆ ಕಾಲದ ವ್ಯಾಯಾಮ ಪುಸ್ತಕಗಳೆಲ್ಲದರಂತೆ ಅವರವುಗಳಲ್ಲೂ ವ್ಯಾಯಾಮದಿಂದ ವಾಸಿಯಾಗುವ ಕಾಯಿಲೆಗಳ ಪಟ್ಟಿ ತುಸು ಉದಾರವಾಗಿಯೇ ಇದೆ. ಸುಂದರ ದೇಹವೆಂದರೆ ಶಿಲ್ಪದಂತೆ ಕಡೆದ ದೇಹ ಎಂಬ ನಂಬಿಕೆಯೂ ಗಟ್ಟಿಯಾಗಿತ್ತು. ಆ ಫೋಟೋ ನೋಡಿ ಹುರುಪು ಬಂದವರಷ್ಟೇ, ಕನ್ನಡಿ ನೋಡಿಕೊಂಡು ಕುಗ್ಗಿದವರೂ ಇದ್ದಿರಬೇಕು. ಇಂದು ಇನ್‌ಸ್ಟಾಗ್ರಾಂ ನೋಡುವವರ ಪಾಡೂ ಅದೇ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಟೆಸ್ಟೊಸ್ಟೆರಾನ್ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು 1935ರಲ್ಲಿ. ಸ್ನಾಯು ಉಬ್ಬಿಸುವ ಸ್ಟೀರಾಯ್ಡ್‌ಗಳು ಜಿಮ್‌ಗಳಿಗೆ ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ. 1930ರ ಪುಸ್ತಕದ ಆ ದೇಹ ಊಟ, ನಿದ್ದೆ, ದುಡಿಮೆಯ ದೇಹ. ಇವತ್ತು ಪರದೆಯ ಮೇಲೆ ಕಾಣುವ ಹಲವು ದೇಹಗಳ ಬಗ್ಗೆ ಹೀಗೆ ಹೇಳಲಾಗದು. ನಿಮ್ಮ ಮನೆಯ ಹದಿನೆಂಟರ ಹುಡುಗ ಮೂರು ತಿಂಗಳಲ್ಲಿ ಹಾಗಾಗಬೇಕೆಂದು ಯಾರೋ ಕೊಟ್ಟ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮೊದಲು ಈ ಇಸವಿಗಳನ್ನು ಅವನಿಗೆ ತೋರಿಸಿ.

ವ್ಯಾಯಾಮಶಾಲೆ ಮುಂದೆ ಜೆ.ಸಿ. ರಸ್ತೆಗೆ ಬಂತು. ನಮ್ಮ ಕಡೆಯವರಿಗೆ ಆ ರಸ್ತೆ ಗೊತ್ತು. ಮಳೆಗಾಲದಲ್ಲಿ ಊರಿನ ಮೇಳಗಳು ಬೆಂಗಳೂರಿಗೆ ಹೋಗಿ ಆಟ ಆಡುವ ರವೀಂದ್ರ ಕಲಾಕ್ಷೇತ್ರ ಇರುವುದು ಅದೇ ರಸ್ತೆಯಲ್ಲಿ. ಕಲಾಕ್ಷೇತ್ರ ಕಟ್ಟುವುದಕ್ಕೆ ಎಷ್ಟೋ ಮೊದಲು ಆ ರಸ್ತೆಯಲ್ಲಿ ನಾಟಕಕ್ಕೆ ಜಾಗ ಕೊಟ್ಟದ್ದು ಈ ಜಿಮ್.

ಅದು ಹೇಗೆ ಎಂದರೆ, ಅಲ್ಲಿಗೆ ಕೈಲಾಸಂ ಬರುತ್ತಿದ್ದರು.

ಟಿ.ಪಿ. ಕೈಲಾಸಂ ಯಾರೆಂದು ಹೇಳಬೇಕಿಲ್ಲ, ‘ಟೊಳ್ಳುಗಟ್ಟಿ’ಯನ್ನು ಶಾಲೆಯಲ್ಲಿ ಆಡಿದವರು ನಿಮ್ಮಲ್ಲೂ ಇರಬಹುದು. 1884ರಲ್ಲಿ ಹುಟ್ಟಿದವರು, ತಂದೆ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮಗನನ್ನು ಭೂವಿಜ್ಞಾನ ಓದಲು ಲಂಡನ್‌ಗೆ ಕಳಿಸಿದ್ದರು. ಮಗ ಓದಿ ಬಂದು ಸರ್ಕಾರದ ಭೂವಿಜ್ಞಾನ ಇಲಾಖೆ ಸೇರಿ, ನಂತರ ಕೆಲಸ ಬಿಟ್ಟು ನಾಟಕ ಹಿಡಿದರು. ಒಳ್ಳೆ ಮನೆತನ, ವಿದೇಶದ ಡಿಗ್ರಿ, ಸರ್ಕಾರಿ ಕೆಲಸ, ಎಲ್ಲ ಇದ್ದೂ ಹೀಗಾದರಲ್ಲ ಎಂದು ನೆಂಟರು ಕೊರಗುವಂಥ ಮನುಷ್ಯ ಎಲ್ಲ ಊರಲ್ಲೂ ಒಬ್ಬರಿರುತ್ತಾರೆ. ಬೆಂಗಳೂರಿಗೆ ಅದು ಕೈಲಾಸಂ. ಮನೆಯವರಿಂದ ದೂರ, ಶಿಸ್ತಿಲ್ಲದ ಬದುಕು, ಬಾಯಲ್ಲಿ ಆರದ ಸಿಗರೇಟು. ತಲೆಯಲ್ಲಿ ಮಾತ್ರ ನಾಟಕದ ಮೇಲೆ ನಾಟಕ. ಅವುಗಳನ್ನು ಕೂತು ಬರೆಯುವ ಅಭ್ಯಾಸವೂ ಇಲ್ಲ. ಅವರು ಬಾಯಲ್ಲಿ ಹೇಳಬೇಕು, ಯಾರಾದರೂ ಬರೆದುಕೊಳ್ಳಬೇಕು.

ಇಂಥವರಿಗೆ ಸಾಹಿತ್ಯ ಪರಿಷತ್ತಿನಲ್ಲೋ ವಿಶ್ವವಿದ್ಯಾಲಯದಲ್ಲೋ ಕುರ್ಚಿ ಹಾಕಿಟ್ಟಿದ್ದರು ಎಂದುಕೊಂಡರೆ ತಪ್ಪು. ಕುರ್ಚಿ ಇದ್ದದ್ದು ಜಿಮ್‌ನಲ್ಲಿ. ಅಯ್ಯರ್ ತಮಗಿಂತ ಹತ್ತು ವರ್ಷಕ್ಕೂ ಹೆಚ್ಚು ದೊಡ್ಡವರಾದ ಈ ಮನುಷ್ಯನನ್ನು ಗುರುವಿನ ಜಾಗದಲ್ಲಿ ಇಟ್ಟುಕೊಂಡರು. ಸಂಜೆ ಅತ್ತ ಕಬ್ಬಿಣದ ಸದ್ದು, ಇತ್ತ ಕೈಲಾಸಂ ಒಬ್ಬರೇ ನಾಲ್ಕೈದು ಪಾತ್ರಗಳ ದನಿಯಲ್ಲಿ ನಾಟಕ ಹೇಳುವುದು. ಮೈ ಗಟ್ಟಿ ಮಾಡಿಕೊಳ್ಳಲು ಬಂದ ಹುಡುಗರು ಬೆವರು ಒರೆಸಿಕೊಳ್ಳುತ್ತ ಕೇಳುಗರಾದರು, ಮುಂದೆ ನಟರಾದರು. ಆರೋಗ್ಯದ ಮೇಷ್ಟ್ರ ಮನೆಯಲ್ಲಿ ಸರಪಳಿಯ ಹಾಗೆ ಸಿಗರೇಟು ಸೇದುವ ಅತಿಥಿ ಎಂದರೆ ವಿಚಿತ್ರ ಅನ್ನಿಸಬಹುದು. ಆ ಸಿಗರೇಟು ಒಳ್ಳೆಯದಲ್ಲ ಎಂದು ಅಲ್ಲಿ ಯಾರಿಗೂ ಹೇಳಿಕೊಡಬೇಕಿರಲಿಲ್ಲ. ಅದಕ್ಕಾಗಿ ಬಾಗಿಲು ಮಾತ್ರ ಮುಚ್ಚಲಿಲ್ಲ.

ಇಲ್ಲೊಂದು ಪಕ್ಕದ ಮಾತು. ಕೈಲಾಸಂ ಇಂಗ್ಲಿಷ್‌ನಲ್ಲಿ ಬರೆದ ಪೌರಾಣಿಕ ನಾಟಕಗಳಲ್ಲಿ ಒಂದು ಏಕಲವ್ಯನದು, ಇನ್ನೊಂದು ಕರ್ಣನದು. ಇಬ್ಬರೂ ಗುರುವಿನಿಂದ ಪೆಟ್ಟು ತಿಂದವರು. ಒಬ್ಬನನ್ನು ಗುರು ಶಿಷ್ಯನೆಂದೇ ಒಪ್ಪಲಿಲ್ಲ. ಇನ್ನೊಬ್ಬನಿಗೆ ಕಲಿಸಿದ ಗುರುವೇ ಶಾಪ ಕೊಟ್ಟ, ಅರಮನೆಯ ಕಣದಲ್ಲಿ ಕುಲ ಕೇಳಿ ನಿಲ್ಲಿಸಿದರು. ಅವರ ಪರವಾಗಿ ಬರೆದ ಮನುಷ್ಯನಿಗೆ ಒಂದು ಕಸರತ್ತಿನ ಮನೆ ಆಸರೆಯಾದದ್ದು ನನಗೆ ಇಷ್ಟವಾದ ಸಂಗತಿ.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ಮರುವರ್ಷ ತೀರಿಕೊಂಡರು. ಅವರ ನೆನಪುಗಳನ್ನು ಅಯ್ಯರ್ ಮುಂದೆ ಬರೆದಿಟ್ಟರು.

ಈಗ ಸ್ವಲ್ಪ ವಿಜ್ಞಾನ. ಅಯ್ಯರ್ ಬೆಂಗಳೂರಿನಲ್ಲಿ ಕಲಿಸುತ್ತಿದ್ದ ಅದೇ 1920ರ ದಶಕದಲ್ಲಿ ಜರ್ಮನಿಯಲ್ಲಿ ಒಟ್ಟೊ ಕ್ಯೋಲರ್ ಎಂಬ ಮನಶ್ಶಾಸ್ತ್ರಜ್ಞ ಬರ್ಲಿನ್‌ನ ದೋಣಿ ಹುಟ್ಟು ಹಾಕುವ ಕ್ಲಬ್ಬಿನ ಸದಸ್ಯರಿಗೆ ಭಾರ ಕೊಟ್ಟು ಒಂದು ಪರೀಕ್ಷೆ ಮಾಡಿದ. ಮೊದಲು ಒಬ್ಬೊಬ್ಬರೇ ಕೈ ಸೋಲುವವರೆಗೆ ಎತ್ತಬೇಕು. ಆಮೇಲೆ ಇಬ್ಬರು ಸೇರಿ ಒಂದೇ ಭಾರ, ಒಬ್ಬ ಬಿಟ್ಟರೆ ಇನ್ನೊಬ್ಬನಿಂದ ಆಗದು. ಆಗ ಏನಾಯಿತೆಂದರೆ, ಜೋಡಿಯಲ್ಲಿ ದುರ್ಬಲನಾದವನು ತಾನು ಒಬ್ಬನೇ ಇದ್ದಾಗ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಎಳೆದ. ಇದನ್ನು ಇಂದಿಗೂ ಕ್ಯೋಲರ್ ಪರಿಣಾಮ ಎನ್ನುತ್ತಾರೆ. ಗಮನಿಸಬೇಕಾದ ಇನ್ನೊಂದು ಅಂಶ: ಜೊತೆಗಾರ ತುಸು ಮೇಲಿನವನಾಗಿದ್ದರೆ ಈ ಲಾಭ ಹೆಚ್ಚು, ಆಕಾಶ–ಭೂಮಿ ಅಂತರವಿದ್ದರೆ ಕಡಿಮೆ. ಅಂದರೆ ಹೊಸಬನಿಗೆ ಬೇಕಾದದ್ದು ಜಿಮ್‌ನ ಚಾಂಪಿಯನ್ ಅಲ್ಲ, ಆರು ತಿಂಗಳು ಮೊದಲು ಸೇರಿದವನು. ಅವನು ಪಕ್ಕದಲ್ಲಿ ನಿಂತು ಬಾರ್ ಹಿಡಿದುಕೊಂಡರೆ ಅರ್ಧ ಕೆಲಸ ಆದಂತೆ.

ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂಬ ಭಯಕ್ಕೂ ಅಳತೆ ಇದೆ. 2000ದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಪ್ರಕಟಿಸಿದರು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಯೊಬ್ಬನನ್ನು ಜನ ತುಂಬಿದ ಕೋಣೆಗೆ ಕಳಿಸುವುದು. ಕೋಣೆಯಲ್ಲಿದ್ದ ಅರ್ಧದಷ್ಟು ಜನ ಆ ಚಿತ್ರ ನೋಡಿರುತ್ತಾರೆ ಎಂದು ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದ್ದವರು ಸುಮಾರು ಕಾಲು ಭಾಗ. ಉಳಿದವರಿಗೆ ಅವರವರ ಚಿಂತೆ. ಕೋಟೇಶ್ವರದಲ್ಲಿ ಈ ಲೆಕ್ಕ ಸ್ವಲ್ಪ ಏರುಪೇರಾಗಬಹುದು, ಒಪ್ಪುತ್ತೇನೆ. ಆದರೂ ಜಿಮ್‌ನ ಕನ್ನಡಿಯ ಮುಂದೆ ನಿಂತವರು ಬಹುಮಟ್ಟಿಗೆ ನೋಡುತ್ತಿರುವುದು ತಮ್ಮನ್ನೇ.

ಮೊದಲ ಸಾಲುಗಳ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡೋಣ. ಸ್ನಾಯು ಬೇರೆ ಅಂಗಾಂಶ, ಕೊಬ್ಬು ಬೇರೆ. ಒಂದು ಇನ್ನೊಂದಾಗುವುದಿಲ್ಲ. ವ್ಯಾಯಾಮ ಬಿಟ್ಟಾಗ ಸ್ನಾಯು ಕರಗುತ್ತದೆ, ಊಟ ಹಾಗೇ ಮುಂದುವರಿದರೆ ಕೊಬ್ಬು ಸೇರುತ್ತದೆ. ಎರಡೂ ಒಟ್ಟಿಗೆ ಆಗುವುದರಿಂದ ಹಾಗೆ ಕಾಣುತ್ತದೆ, ಅಷ್ಟೆ. ಬಲ್ಲವರ ಕಣ್ಣೆದುರು ಸರಿಯಾದ ಕ್ರಮದಲ್ಲಿ ಭಾರ ಎತ್ತಿದರೆ ಮಕ್ಕಳ ಎತ್ತರ ನಿಲ್ಲುವುದಿಲ್ಲ ಎಂಬುದು ಮಕ್ಕಳ ವೈದ್ಯರ ಸಂಘಟನೆಗಳ ನಿಲುವು. ಅಪಾಯ ಇರುವುದು ಯಾರೂ ಇಲ್ಲದಾಗ ಪಂತಕ್ಕೆ ಬಿದ್ದು ಎತ್ತುವುದರಲ್ಲಿ. ಹೆಂಗಸರು ಭಾರ ಎತ್ತಿದರೆ ಗಂಡಸಿನ ಹಾಗೆ ಆಗಿಬಿಡುವುದೂ ಇಲ್ಲ, ಅದಕ್ಕೆ ಬೇಕಾದ ಟೆಸ್ಟೊಸ್ಟೆರಾನ್ ಅವರಲ್ಲಿ ಬಹಳ ಕಡಿಮೆ. ಗಂಡಸರಿರಲಿ ಹೆಂಗಸರಿರಲಿ, ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆಯ ಜೊತೆಗೆ ವಾರದಲ್ಲಿ 2 ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರವತ್ತು ದಾಟಿದ ಅಪ್ಪ ಅಮ್ಮನಿಗೂ ಇದು ಅನ್ವಯ. ಹೃದಯದ ತೊಂದರೆಯೋ ಬಿ.ಪಿ.ಯೋ ಇದ್ದವರು ಮೊದಲು ಡಾಕ್ಟರನ್ನು ಕೇಳಿ ಶುರು ಮಾಡಲಿ.

ಮತ್ತೆ ಜೆ.ಸಿ. ರಸ್ತೆಗೆ ಬರೋಣ. ಜಿಮ್‌ನ ಹುಡುಗರು, ಗೆಳೆಯರು ಸೇರಿ ನಾಟಕ ತಂಡವೇ ಆಯಿತು, ಹೆಸರು ರವಿ ಕಲಾವಿದರು. ಕೈಲಾಸಂ ನಾಟಕಗಳನ್ನು ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ಉಳಿಸಿದ ತಂಡಗಳಲ್ಲಿ ಇದೂ ಒಂದು. ಅಯ್ಯರ್ ತಾವೇ ಲೇಖಕರಾದದ್ದು ಈ ಸಹವಾಸದಲ್ಲಿ. ವ್ಯಾಯಾಮದ ಪುಸ್ತಕಗಳನ್ನು ಇಂಗ್ಲಿಷ್‌ನಲ್ಲಿ ಬರೆದಿದ್ದವರು ಕತೆ ಕಾದಂಬರಿಗೆ ಕನ್ನಡ ಹಿಡಿದರು. ಹುಡುಗರ ಮೈ ಬದಲಾದದ್ದನ್ನು ಅಳೆಯುವ ಟೇಪು ಅಯ್ಯರ್ ಹತ್ತಿರ ಇತ್ತು. ಮೇಷ್ಟ್ರು ಬದಲಾದದ್ದನ್ನು ಅಳೆಯಲು ನಮಗಿರುವುದು ಅವರ ಪುಸ್ತಕಗಳೇ.

ಅದರಲ್ಲೂ ‘ರೂಪದರ್ಶಿ’. ಅದರ ಕತೆ ನೀವು ಕಾದಂಬರಿ ಓದದೆಯೂ ಕೇಳಿರುತ್ತೀರಿ, ಯಾಕೆಂದರೆ ಅದರ ತಮ್ಮನೊಬ್ಬ ವಾಟ್ಸಾಪಿನಲ್ಲಿ ಓಡಾಡುತ್ತಾನೆ. ಲಿಯೊನಾರ್ಡೊ ಡಾ ವಿಂಚಿ ‘ಕೊನೆಯ ಭೋಜನ’ ಚಿತ್ರಕ್ಕೆ ಯೇಸುವಿನ ಮಾದರಿಯಾಗಿ ಒಬ್ಬ ಮುದ್ದಾದ ತರುಣನನ್ನು ಕೂರಿಸಿದ, ಬಹಳ ವರ್ಷಗಳ ಮೇಲೆ ದ್ರೋಹಿ ಜೂದಾಸನ ಮುಖಕ್ಕಾಗಿ ಹುಡುಕಿ ತಂದ ಪಾಪಿಯೂ ಅವನೇ ಆಗಿದ್ದ ಎಂಬ ಮೆಸೇಜು. ಇದು ನಡೆದ ಘಟನೆಯಲ್ಲ. ಮಿಲಾನಿನ ಗೋಡೆಯ ಮೇಲಿನ ಆ ಚಿತ್ರ ಸುಮಾರು 1495ರಿಂದ 1498ರ ನಡುವೆ, ಮೂರು ವರ್ಷದ ಅವಧಿಯಲ್ಲಿ ಆದದ್ದು. ಒಬ್ಬನ ಬಾಳು ಹಾಳಾಗಿ ಮುಖ ಗುರುತು ಸಿಗದಷ್ಟು ಬದಲಾಗಲು ಬೇಕಾದ ಕಾಲವೇ ಅಲ್ಲಿಲ್ಲ. ಇಂಥ ದಂತಕತೆ ಬೇರೆ ಬೇರೆ ಚಿತ್ರಕಾರರ ಹೆಸರಿನಲ್ಲಿ ಬಹಳ ಕಾಲದಿಂದ ತಿರುಗುತ್ತಿದೆ. ಅಯ್ಯರ್ ಅದನ್ನು ಎತ್ತಿಕೊಂಡು, ಚಿತ್ರಕಾರನಾಗಿ ಮೈಕೆಲೇಂಜಲೊನನ್ನು ಇಟ್ಟು, ಒಬ್ಬ ಮಗುವಿನ ಜೀವನವಾಗಿ ಬೆಳೆಸಿದರು. ಫಾರ್ವರ್ಡ್ ಎಂದು ಕಳಿಸಿದರೆ ಸುಳ್ಳು, ಕಾದಂಬರಿ ಎಂದು ಓದಿದರೆ ಕಣ್ಣು ಒದ್ದೆಯಾಗುತ್ತದೆ. ದಿನವೂ ನೂರು ದೇಹಗಳನ್ನು ನೋಡಿ ತಿದ್ದುತ್ತಿದ್ದ ಮನುಷ್ಯ, ಚೆಂದದ ದೇಹವೊಂದು ಆಸರೆ ತಪ್ಪಿ ಹಾಳಾಗುವ ಕತೆಯನ್ನೇ ಆರಿಸಿಕೊಂಡರು.

ಮೈ ಮತ್ತು ಬುದ್ಧಿ ಬೇರೆ ಬೇರೆ ಎನ್ನುವುದು ನಮ್ಮ ಕಡೆಯವರಿಗಂತೂ ಒಪ್ಪುವ ಮಾತಲ್ಲ. ಬಡಗುತಿಟ್ಟಿನ ಪುಂಡುವೇಷದವನು ಮಂಡಿ ಹಾಕಿ ಸುತ್ತುವುದನ್ನು ನೋಡಿದ್ದೀರಿ. ಮಂಡಿಯ ಮೇಲೆ ಅಷ್ಟು ಸುತ್ತು ಸುತ್ತಿ ಎದ್ದವನು ಏದುಸಿರಿನಲ್ಲೇ ಮಹಾಭಾರತದ ಅರ್ಥ ಹೇಳಬೇಕು, ಎದುರಿನವನ ಮಾತಿಗೆ ಅಲ್ಲಿಯೇ ಉತ್ತರ ಹೊಳೆಯಬೇಕು. ಕೋಟೇಶ್ವರದಿಂದ ಅಷ್ಟೇನೂ ದೂರವಿಲ್ಲದ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾದಂಬರಿಯನ್ನೂ ಬರೆದರು, ಯಕ್ಷಗಾನದಲ್ಲಿ ಕುಣಿದರೂ ಕುಣಿದರು. ಗೆಜ್ಜೆ ಕಟ್ಟಿದವರಿಗೆ ಬುದ್ಧಿ ಕಡಿಮೆ ಎಂದು ಯಾರೂ ಮೆಸೇಜು ಕಳಿಸಿಲ್ಲ.

ಅಯ್ಯರ್ 1980ರ ಜನವರಿಯಲ್ಲಿ ತೀರಿಕೊಂಡರು, ಎಂಬತ್ತು ದಾಟಿತ್ತು. ಜಿಮ್‌ಗೆ ಸೇರಲು ಮನಸ್ಸಿದ್ದು ಕಾಲು ಏಳದವರು ಹೀಗೆ ಮಾಡಿ ನೋಡಬಹುದು: ಹಣ ಕಟ್ಟುವ ಮೊದಲು ಒಂದು ಸಂಜೆ ಸುಮ್ಮನೆ ಹೋಗಿ ಕೂತುಬನ್ನಿ. ಯಂತ್ರಗಳನ್ನಲ್ಲ, ಮಾತುಗಳನ್ನು ಗಮನಿಸಿ. ತಪ್ಪು ಮಾಡಿದವನಿಗೆ ನಗುತ್ತಾರೋ, ಬಂದು ಹೇಳಿಕೊಡುತ್ತಾರೋ. ಎರಡು ವಾರ ತಪ್ಪಿಸಿ ಬಂದವನನ್ನು ಯಾರಾದರೂ ಹೆಸರು ಹಿಡಿದು ವಿಚಾರಿಸುತ್ತಾರೋ. ಡಬ್ಬದ ಪುಡಿ ಮಾರುವ ಮಾತು ಮೊದಲ ದಿನವೇ ಬಂದರೆ ಇನ್ನೊಂದು ಜಿಮ್ ನೋಡಿ. ‘ರೂಪದರ್ಶಿ’ ಈಗಲೂ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ, ಒಂದು ಪ್ರತಿ ಬ್ಯಾಗಿನಲ್ಲಿ ಟವೆಲ್ ಜೊತೆ ಇರಲಿ. ಒಂದು ಸೆಟ್ ಮುಗಿಸಿ ಮುಂದಿನದು ಎತ್ತುವ ಮೊದಲು ಎರಡು ಪುಟ ಓದಬಹುದು.